ಅನಂತಾಂಶ

ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತಣ ಪೇಟೆಯಲ್ಲಿ ಅಲ್ಪತ್ವವನ್ನು ಹೇಳುವ ಮಾತುಗಳಿಗೆ ಬರವಿಲ್ಲ. ಕಾಳುಕಡಿಯ ಅಂಗಡಿಯಲ್ಲಿ ನಿಂತವಳು ತಕ್ಕಡಿಯ ಮುಳ್ಳನ್ನು ನೋಡುತ್ತ ಇನ್ನೊಂದು ತುಸು ಹಾಕೆಂದು ಕೇಳುತ್ತಾಳೆ. ಜಗಳಕ್ಕೆ ನಿಂತವನು ತನ್ನ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿಲ್ಲವೆಂದು ಆಣೆಯಿಡುತ್ತಾನೆ. ಪತ್ತಾರನಾದರೋ ಗುಲಗಂಜಿಯ ಒಂದು ಬೀಜದ ತೂಕವನ್ನೇ ಗುಂಜಿಯೆಂದು ಹಿಡಿದು, ಎಂಟು ಗುಂಜಿಗೆ ಒಂದು ಮಾಸ, ಹನ್ನೆರಡು ಮಾಸಕ್ಕೆ ಒಂದು ತೊಲೆ ಎಂಬ ಲೆಕ್ಕವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾನೆ. ಹಳೆಯ ಕಡತಗಳನ್ನು ಬಿಡಿಸಿದರೆ ಇನ್ನೂ ಕೆಳಕ್ಕಿಳಿಯುವ ಮೆಟ್ಟಿಲುಗಳು ಕಾಣುತ್ತವೆ: ಕಾಲಿನ ಕಾಲು ವೀಸ, ಅಂದರೆ ಹದಿನಾರರಲ್ಲಿ ಒಂದು, ವೀಸದ ಕಾಲು ಕಾಣಿ, ಅಂದರೆ ಅರವತ್ತನಾಲ್ಕರಲ್ಲಿ ಒಂದು. ವ್ಯವಹಾರಕ್ಕೆ ಇದಕ್ಕಿಂತ ಕೆಳಗೆ ಹೋಗುವ ಅಗತ್ಯ ಸಾಮಾನ್ಯವಾಗಿ ಬೀಳುತ್ತಿರಲಿಲ್ಲ. ಬಿದ್ದಿದ್ದರೆ ನಮ್ಮ ಶಾನುಭೋಗರು ಕಾಣಿಯನ್ನೂ ನಾಲ್ಕಾಗಿ ಒಡೆದು ಅದಕ್ಕೊಂದು ಹೆಸರಿಡಲು ಹಿಂಜರಿಯುತ್ತಿರಲಿಲ್ಲ.

ಈ ಎಲ್ಲ ಅಲ್ಪಗಳಿಗೂ ಒಂದು ಸಮಾನವಾದ ಗುಣವಿದೆ. ಅದನ್ನು ನಮ್ಮ ಗಾದೆ ಹಿಡಿದಿಟ್ಟಷ್ಟು ಬಿಗಿಯಾಗಿ ಪಾಠಪುಸ್ತಕಗಳು ಹಿಡಿದಿಟ್ಟಿಲ್ಲ. ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ. ಬಳ್ಳವೆಂಬುದು ಧಾನ್ಯವನ್ನಳೆಯುವ ಮಾನ. ಹನಿ ಎಷ್ಟೇ ಸಣ್ಣದಿರಲಿ, ಹಳ್ಳ ಎಷ್ಟೇ ದೊಡ್ಡದಿರಲಿ, ಸಾಕಷ್ಟು ಹನಿಗಳನ್ನು ಕೂಡಿಸುತ್ತ ಹೋದರೆ ಎಂದಾದರೊಂದು ದಿನ ಹಳ್ಳವನ್ನು ಮುಟ್ಟಿಯೇ ತೀರುತ್ತೇವೆ ಎಂಬುದು ಇದರ ತಿರುಳು. ಉಳಿತಾಯವನ್ನು ಬೋಧಿಸುವುದಕ್ಕಾಗಿ ಹುಟ್ಟಿದ ಮಾತಿದು, ನಿಜ. ಆದರೆ ಇದೇ ಮಾತನ್ನು ಗ್ರೀಸಿನ ಯೂಡಾಕ್ಸಸನೂ ಆತನ ತರುವಾಯ ಆರ್ಕಿಮಿಡೀಸನೂ ಜ್ಯಾಮಿತಿಯ ಆಧಾರಸೂತ್ರವನ್ನಾಗಿ ಮಾಡಿಕೊಂಡರೆಂದೂ, ಇಂದಿಗೂ ಗಣಿತಜ್ಞರು ಅದನ್ನು ಆರ್ಕಿಮಿಡೀಸನ ಸ್ವಯಂಸಿದ್ಧವೆಂದು ಕರೆಯುತ್ತಾರೆಂದೂ ತಿಳಿದಾಗ, ಗಾದೆಯನ್ನು ಕಟ್ಟಿದ ಅನಾಮಧೇಯನ ಬಗೆಗೆ ಗೌರವ ಹೆಚ್ಚದಿರದು.

ಪರಮಾಣುವೂ ಈ ಗಾದೆಗೆ ತಲೆಬಾಗುತ್ತದೆ. ಒಂದು ಗುಂಜಿಯ ತೂಕ ಸುಮಾರು 0.12 ಗ್ರಾಮು. ಅಷ್ಟು ಬಂಗಾರದಲ್ಲಿರುವ ಪರಮಾಣುಗಳನ್ನು ಲೆಕ್ಕ ಹಾಕಿದರೆ ಸುಮಾರು 37 ಲಕ್ಷ ಕೋಟಿ ಕೋಟಿ ಎಂಬ ಉತ್ತರ ಬರುತ್ತದೆ. ಕಲ್ಪನೆಗೆ ನಿಲುಕದ ಸಂಖ್ಯೆಯೇ ಸರಿ; ಆದರೂ ಅದು ಸಂಖ್ಯೆ. ಒಂದು, ಎರಡು, ಮೂರು ಎಂದು ಎಣಿಸುತ್ತ ಹೊರಟವನು, ಆಯುಸ್ಸು ಸಾಲದೆ ಹೋದರೂ, ಸರಿಯಾದ ದಾರಿಯಲ್ಲಿಯೇ ಇರುತ್ತಾನೆ. ಆದುದರಿಂದ ಪರಮಾಣು ಅತ್ಯಂತ ಸಣ್ಣದೆಂದು ಹೇಳಬಹುದೇ ಹೊರತು, ಈ ಅಧ್ಯಾಯದ ವಿಷಯವಾಗಿರುವ ವಸ್ತುವಿನ ಕುಲಕ್ಕೆ ಅದನ್ನು ಸೇರಿಸಲಾಗದು.

ಆ ವಸ್ತುವೆಂದರೆ, ಸೊನ್ನೆಯಲ್ಲದಿದ್ದರೂ ಎಷ್ಟು ಸಲ ಕೂಡಿಸಿದರೂ ಯಾವ ಮಾನವನ್ನೂ ಮುಟ್ಟದಿರುವಂಥದು. ಹತ್ತನ್ನು ಕೂಡಿಸಿ, ಕೋಟಿಯನ್ನು ಕೂಡಿಸಿ, ಬಂಗಾರದ ಪರಮಾಣುಗಳಷ್ಟನ್ನು ಕೂಡಿಸಿ, ಒಂದು ಕಾಣಿಯ ಹತ್ತಿರಕ್ಕೂ ಅದು ಬಾರದು. ಹದಿನೇಳನೆಯ ಶತಮಾನದ ಯುರೋಪಿನ ಗಣಿತಜ್ಞರಿಗೆ ಇಂಥದೊಂದು ರಾಶಿ ಬೇಕಾಯಿತು. ಬೇಕಾದುದಕ್ಕೆ ಹೆಸರೂ ಬೇಕಾಯಿತು. 1670ರ ಸುಮಾರಿಗೆ ನಿಕೊಲಾಸ್ ಮರ್ಕೇಟರನೋ ಲೈಬ್ನಿಟ್ಸನೋ, ಇಬ್ಬರಲ್ಲೊಬ್ಬನು, ಲ್ಯಾಟಿನ್ ಭಾಷೆಯಲ್ಲಿ ಇನ್ಫಿನಿಟೆಸಿಮಸ್ ಎಂಬ ಶಬ್ದವನ್ನು ಟಂಕಿಸಿದನು. ಇಂಗ್ಲಿಷಿನ ಇನ್ಫಿನಿಟೆಸಿಮಲ್ ಎಂಬುದು ಅದರ ಸಂತಾನ. ಈ ಶಬ್ದದಲ್ಲಿ ಸಣ್ಣತನವನ್ನು ನೇರವಾಗಿ ಸೂಚಿಸುವ ಧಾತುವೇ ಇಲ್ಲವೆಂಬುದು ವಿಸ್ಮಯದ ಸಂಗತಿ. ಲ್ಯಾಟಿನ್ನಿನಲ್ಲಿ ಸೆಂಟೆಸಿಮಸ್ ಎಂದರೆ ನೂರನೆಯದು. ಅದೇ ಎರಕದಲ್ಲಿ ಹೊಯ್ದ ಇನ್ಫಿನಿಟೆಸಿಮಸ್ ಎಂದರೆ ಅನಂತನೆಯದು. ಕನ್ನಡಿಗರಿಗೆ ಇದು ಕ್ಷಣಮಾತ್ರದಲ್ಲಿ ತಿಳಿಯುವಂಥದು. ನೂರನೆಯ ಮನೆ ಎಂದಾಗ ಸಾಲಿನಲ್ಲಿ ಅದರ ಸ್ಥಾನವನ್ನೂ, ನೂರನೆಯ ಒಂದು ಪಾಲು ಎಂದಾಗ ಭಾಗವನ್ನೂ ಒಂದೇ ಪ್ರತ್ಯಯದಿಂದ ಹೇಳುವವರು ನಾವು. ದಶಾಂಶ, ಶತಾಂಶಗಳೂ ನಮಗೆ ಪರಿಚಿತ. ಆ ಪಂಕ್ತಿಯಲ್ಲಿಯೇ ಕೂರಿಸಿ ಅನಂತಾಂಶವೆಂಬ ಹೆಸರನ್ನು ಈ ಬರಹದ ಮಟ್ಟಿಗೆ ಬಳಸಿಕೊಳ್ಳುತ್ತೇನೆ. ಇಂಗ್ಲೆಂಡಿನ ಜಾನ್ ವಾಲಿಸನು 1655ರಲ್ಲಿ ಅನಂತಕ್ಕೆ ಮಲಗಿದ ಎಂಟಿನಂತಹ ಚಿಹ್ನೆಯನ್ನು ಕೊಟ್ಟು, ಒಂದನ್ನು ಅದರಿಂದ ಭಾಗಿಸಿ ಬರೆದಿದ್ದನು. ಶಬ್ದ ಹುಟ್ಟುವುದಕ್ಕೆ ಮುನ್ನವೇ ಅದರ ಚಿತ್ರ ಸಿದ್ಧವಾಗಿತ್ತೆನ್ನಬೇಕು.

ಕಾಲಾಂತರದಲ್ಲಿ ಶಬ್ದಕ್ಕೆ ಸವಕಳಿ ಬಂದು, ಇಂಗ್ಲಿಷ್ ಪತ್ರಿಕೆಗಳಲ್ಲಿ ಅದು ತೀರ ಸಣ್ಣದು ಎಂಬಷ್ಟೇ ಅರ್ಥದಲ್ಲಿ ಓಡಾಡುತ್ತಿದೆ. ಹೋಮಿಯೋಪಥಿಯವರೂ ತಮ್ಮ ಔಷಧದ ಮಾತ್ರೆಗೆ ಇದೇ ವಿಶೇಷಣವನ್ನು ಹಚ್ಚಿದರು. ಆದರೆ ನೂರಕ್ಕೊಂದರಂತೆ ಮೂವತ್ತು ಸಲ ತೆಳುಗೊಳಿಸಿದ ದ್ರವದಲ್ಲಿ ಮೂಲ ವಸ್ತುವಿನ ಒಂದೇ ಒಂದು ಅಣುವಾದರೂ ಉಳಿದಿರುವ ಸಂಭವ ಇಲ್ಲವೆನ್ನುವಷ್ಟು ಕಡಮೆ. ಅಲ್ಲಿರುವುದು ಅನಂತಾಂಶವಲ್ಲ, ಬರಿಯ ಸೊನ್ನೆ.

ಈಗ ನಮ್ಮ ನೆಲದ ಕಡೆಗೆ ತಿರುಗೋಣ. ಹುಬ್ಬಳ್ಳಿಯಲ್ಲಿ ಉಣಕಲ್ಲಿನ ಬಳಿ ನೃಪತುಂಗನ ಹೆಸರಿನ ಬೆಟ್ಟವೊಂದಿದೆ. ಸಾಯಂಕಾಲ ಅದನ್ನೇರಿ ಗಾಳಿ ಸೇವಿಸುವವರಲ್ಲಿ ಹಲವರು ಆ ರಾಷ್ಟ್ರಕೂಟ ದೊರೆಯನ್ನು ಕವಿರಾಜಮಾರ್ಗದ ನೆಪದಲ್ಲಿ ಬಲ್ಲರು. ಆ ಗ್ರಂಥವು ತಿರುಳ್ಗನ್ನಡದ ನಾಡೆಂದು ಗುರುತಿಸುವ ಊರುಗಳಲ್ಲಿ ಒಂದಾದ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ಇಲ್ಲಿಗೆ ದೂರವೇನಲ್ಲ. ಅದೇ ದೊರೆಯ ಆಶ್ರಯ ಕಾಲದಲ್ಲಿ, 850ರ ಸುಮಾರಿಗೆ, ಮಹಾವೀರಾಚಾರ್ಯನೆಂಬ ಜೈನ ಪಂಡಿತನು ಗಣಿತಸಾರಸಂಗ್ರಹವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿ, ಅದರ ಆರಂಭದಲ್ಲಿ ನೃಪತುಂಗನ ರಾಜ್ಯಕ್ಕೆ ಶುಭವನ್ನು ಕೋರಿದನೆಂಬುದು ಅಷ್ಟು ಮಂದಿಗೆ ತಿಳಿದಿಲ್ಲ. ದೊರೆಯ ರಾಜಧಾನಿಯಾದ ಮಾನ್ಯಖೇಟವು ಇಂದು ಕಲಬುರಗಿ ಜಿಲ್ಲೆಯ ಮಳಖೇಡ. ಈ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದ ಮೇಲೆ, ಅದುವರೆಗೆ ಓಲೆಗಳಲ್ಲಿ ಅಡಗಿದ್ದ ಮಹಾವೀರನ ಹೆಸರು ಜಗತ್ತಿನ ಗಣಿತೇತಿಹಾಸದಲ್ಲಿ ಸೇರಿತು.

ಗಣಿತದ ಪುಸ್ತಕವನ್ನು ಬರೆಯುವವನು ಮೊದಲು ಮಾನಗಳ ಕೋಷ್ಟಕವನ್ನು ಕೊಡಬೇಕಷ್ಟೆ. ಮಹಾವೀರನೂ ಕೊಟ್ಟಿದ್ದಾನೆ, ಆದರೆ ಅವನ ಕೋಷ್ಟಕದ ಮೊದಲ ಮೆಟ್ಟಿಲು ಬೇರೆ ಯಾವ ಅಂಗಡಿಯ ಕೋಷ್ಟಕದಲ್ಲಿಯೂ ಕಾಣದಂಥದು. ನೀರಿನಿಂದಾಗಲಿ ಬೆಂಕಿಯಿಂದಾಗಲಿ ನಾಶವಾಗದ ಸೂಕ್ಷ್ಮಾತಿಸೂಕ್ಷ್ಮವಾದ ದ್ರವ್ಯವನ್ನು ಪರಮಾಣುವೆಂದು ಕರೆದು, ಅಂತಹ ಅನಂತ ಪರಮಾಣುಗಳು ಕೂಡಿದರೆ ಒಂದು ಅಣುವಾಗುವುದೆಂದೂ, ಆ ಅಣುವೇ ಇಲ್ಲಿ ಅಳತೆಯ ಮೊದಲೆಂದೂ ಆತನು ಹೇಳುತ್ತಾನೆ. ಅಲ್ಲಿಂದ ಮುಂದಕ್ಕೆ ಎಲ್ಲವೂ ಪೇಟೆಯ ಲೆಕ್ಕದಂತೆ ಸಾಗುತ್ತದೆ: ತ್ರಸರೇಣು, ರಥರೇಣು, ಕೂದಲು, ಲಿಕ್ಷೆ, ಎಳ್ಳು, ಯವೆ, ಅಂಗುಲ, ಹೀಗೆ ಒಂದೊಂದೂ ಹಿಂದಿನದರ ಎಂಟರಷ್ಟು. ಎಳ್ಳಿನಿಂದ ಯವೆಗೆ ಎಂಟು, ಯವೆಯಿಂದ ಅಂಗುಲಕ್ಕೆ ಎಂಟು; ಪರಮಾಣುವಿನಿಂದ ಅಣುವಿಗೆ ಮಾತ್ರ ಎಂಟೂ ಅಲ್ಲ, ಎಂಟು ಕೋಟಿಯೂ ಅಲ್ಲ, ಅನಂತ. ಈ ಒಂದು ಮೆಟ್ಟಿಲಿನಲ್ಲಿ ಹನಿಗೂಡಿದ ಹಳ್ಳದ ಗಾದೆ ನಡೆಯುವುದಿಲ್ಲ. ಅಣುವಿನೊಡನೆ ಹೋಲಿಸಿದಾಗ ಪರಮಾಣುವಿನ ಸ್ಥಾನವನ್ನು ಹೆಸರಿಸಬೇಕೆಂದರೆ, ಲ್ಯಾಟಿನ್ ಪಂಡಿತನು ಎಂಟು ಶತಮಾನಗಳ ಅನಂತರ ಟಂಕಿಸಿದ ಶಬ್ದಕ್ಕಿಂತ ಹೊಂದಿಕೆಯಾದುದು ಸಿಗಲಾರದು: ಅದು ಅಣುವಿನ ಅನಂತನೆಯ ಪಾಲು.

ಕಾಲದ ಕೋಷ್ಟಕ ಇನ್ನೂ ಸ್ವಾರಸ್ಯವಾದುದು. ಒಂದು ಪರಮಾಣು ತನ್ನ ಮಗ್ಗುಲಿನ ಮತ್ತೊಂದನ್ನು ದಾಟುವುದಕ್ಕೆ ಹಿಡಿಯುವ ಹೊತ್ತು ಸಮಯ. ನಾವು ದಿನವೂ ಬಳಸಿ ಹಳಸಿಸಿದ ಈ ಶಬ್ದಕ್ಕೆ ಜೈನಶಾಸ್ತ್ರದಲ್ಲಿ ಇಷ್ಟು ಕಿರಿದಾದ ಅರ್ಥವಿದೆ. ಅಸಂಖ್ಯಾತ ಸಮಯಗಳಿಗೆ ಒಂದು ಆವಲಿ, ಸಂಖ್ಯಾತ ಆವಲಿಗಳಿಗೆ ಒಂದು ಉಚ್ಛ್ವಾಸ, ಏಳು ಉಚ್ಛ್ವಾಸಕ್ಕೆ ಒಂದು ಸ್ತೋಕ, ಏಳು ಸ್ತೋಕಕ್ಕೆ ಒಂದು ಲವ, ಮೂವತ್ತೆಂಟೂವರೆ ಲವಕ್ಕೆ ಒಂದು ಘಟಿ, ಎರಡು ಘಟಿಗೆ ಒಂದು ಮುಹೂರ್ತ. ಮುಹೂರ್ತವು 48 ನಿಮಿಷವಾದುದರಿಂದ ಗುಣಿಸಿ ನೋಡಿದರೆ ಅದರಲ್ಲಿ 3773 ಉಚ್ಛ್ವಾಸಗಳು ಬರುತ್ತವೆ. ಅಂದರೆ ಒಂದು ಉಚ್ಛ್ವಾಸ ಮುಕ್ಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ನಿಮಿಷಕ್ಕೆ ಸುಮಾರು 79. ಉಸಿರಾಟಕ್ಕೆ ಇದು ತೀರ ವೇಗವಾಯಿತು, ಆರೋಗ್ಯವಂತನ ನಾಡಿಯ ಬಡಿತಕ್ಕೆ ಸರಿಯಾಗಿ ಹೊಂದುತ್ತದೆ. ಹೆಸರು ಉಸಿರಿನದಾದರೂ ಲೆಕ್ಕ ನಾಡಿಯದೇ ಎಂದು ನನಗೆ ತೋರುತ್ತದೆ. ಅದಿರಲಿ, ಇಲ್ಲಿ ಗಮನಿಸಬೇಕಾದುದು ಅಸಂಖ್ಯಾತವೆಂಬ ಮಾತನ್ನು. ಜೈನ ಗಣಿತವು ಸಂಖ್ಯಾತ, ಅಸಂಖ್ಯಾತ, ಅನಂತವೆಂಬ ಮೂರನ್ನು ಬೇರೆ ಬೇರೆಯಾಗಿ ಎಣಿಸುತ್ತದೆ. ಎಣಿಕೆಗೆ ಸಿಕ್ಕುವುದು, ಎಣಿಕೆಯನ್ನು ಮೀರಿದರೂ ಅನಂತವಲ್ಲದುದು, ಅನಂತವಾದುದು. ದ್ರವ್ಯದ ಮೊದಲ ಮೆಟ್ಟಿಲಿಗೆ ಅನಂತವನ್ನೂ, ಕಾಲದ ಮೊದಲ ಮೆಟ್ಟಿಲಿಗೆ ಅಸಂಖ್ಯಾತವನ್ನೂ ಇಟ್ಟಿರುವುದು ಕೈತಪ್ಪಿನಿಂದಲ್ಲ. ಎರಡು ಬಗೆಯ ಸೂಕ್ಷ್ಮತೆಗಳನ್ನು ಬಲ್ಲವನ ಎಚ್ಚರದಿಂದ.

ಹೀಗೆಂದ ಮಾತ್ರಕ್ಕೆ ಮಳಖೇಡದಲ್ಲಿ ಕಲನಶಾಸ್ತ್ರ ಹುಟ್ಟಿತ್ತೆಂದು ಡಂಗುರ ಸಾರುವುದು ಸಲ್ಲದು. ಒಂದೇ ಆಕಾಶಪ್ರದೇಶದಲ್ಲಿ ಎಷ್ಟೋ ಪರಮಾಣುಗಳು ಒಟ್ಟಿಗೆ ನೆಲಸಬಹುದೆಂದು ಜೈನ ತಾತ್ತ್ವಿಕರು ನಂಬಿದ್ದರಾದ್ದರಿಂದ, ಉದ್ದಕ್ಕೆ ಉದ್ದ ಸೇರಿಸಿದಂತೆ ಅವುಗಳನ್ನು ಕೂಡಿಸುವ ಪ್ರಶ್ನೆಯೇ ಅವರಿಗೆ ಏಳದೆ ಹೋಗಬಹುದು. ಮಹಾವೀರನಾದರೂ ಪರಮಾಣುವನ್ನು ಹೊಸ್ತಿಲಲ್ಲಿ ಪರಿಚಯಿಸಿ ಅಲ್ಲಿಯೇ ಬಿಟ್ಟನು. ಒಳಗಿನ ಲೆಕ್ಕಗಳಲ್ಲಿ ಅದನ್ನು ಗುಣಿಸಲಿಲ್ಲ, ಭಾಗಿಸಲಿಲ್ಲ. ಸೊನ್ನೆಯಿಂದ ಭಾಗಿಸಿದರೆ ರಾಶಿಯು ಬದಲಾಗದೆ ಉಳಿಯುತ್ತದೆಂದು ಆತನು ಬರೆದಿರುವುದನ್ನು ನೋಡಿದರೆ, ಸೊನ್ನೆಯ ನೆರೆಹೊರೆಯಲ್ಲಿ ಆತನ ಹೆಜ್ಜೆ ಅಷ್ಟು ಭದ್ರವಾಗಿರಲಿಲ್ಲವೆಂದೂ ಒಪ್ಪಬೇಕಾಗುತ್ತದೆ.

ಆ ನೆರೆಹೊರೆಯಲ್ಲಿ ಧೈರ್ಯದಿಂದ ಓಡಾಡಿದವನು ಮೂರು ಶತಮಾನಗಳ ಅನಂತರ ಬಂದ ಭಾಸ್ಕರಾಚಾರ್ಯ. 1114ರಲ್ಲಿ ಹುಟ್ಟಿದ ಈತನು ತನ್ನ ಊರು ಸಹ್ಯಾದ್ರಿಯ ಆಸುಪಾಸಿನ ವಿಜ್ಜಡವಿಡವೆಂದು ಹೇಳಿಕೊಂಡಿದ್ದಾನೆ. ಅದು ವಿಜಯಪುರವೇ ಎಂದು ನಮ್ಮವರೂ, ಖಾನದೇಶದ ಕಡೆಯದೆಂದು ಮಹಾರಾಷ್ಟ್ರದವರೂ ವಾದಿಸುತ್ತಲೇ ಇದ್ದಾರೆ. ಆ ವಾದದಿಂದ ಗಣಿತಕ್ಕೆ ಲಾಭವಿಲ್ಲ. ಲೀಲಾವತಿಯಲ್ಲಿ ಆತನು ಒಂದು ವಿಚಿತ್ರವಾದ ನಿಯಮವನ್ನು ವಿಧಿಸುತ್ತಾನೆ: ಸೊನ್ನೆಯಿಂದ ಗುಣಿಸಿದ ರಾಶಿ ಸೊನ್ನೆಯೇ, ಆದರೆ ಲೆಕ್ಕದಲ್ಲಿ ಇನ್ನೂ ಕೆಲಸ ಬಾಕಿಯಿದ್ದರೆ ಅವಸರದಿಂದ ಅದನ್ನು ಅಳಿಸದೆ ಖಗುಣವೆಂದು ಇಟ್ಟುಕೊಳ್ಳಬೇಕು, ಮುಂದೆ ಸೊನ್ನೆಯೇ ಭಾಜಕವಾಗಿ ಬಂದರೆ ಎರಡೂ ಹೊಡೆದುಹೋಗಿ ಮೂಲ ರಾಶಿ ಹಾಗೆಯೇ ಉಳಿಯುತ್ತದೆ. ಉದಾಹರಣೆಗೆಂದು ಕೇಳುವ ಪ್ರಶ್ನೆ ಹೀಗಿದೆ. ಯಾವುದೋ ರಾಶಿಯನ್ನು ಸೊನ್ನೆಯಿಂದ ಗುಣಿಸಿ, ಬಂದುದಕ್ಕೆ ಅದರ ಅರ್ಧವನ್ನು ಕೂಡಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63 ಆಗುತ್ತದೆ. ಆ ರಾಶಿ ಯಾವುದು? ಒಂದೂವರೆಯ ಮೂರರಷ್ಟು ನಾಲ್ಕೂವರೆ; ನಾಲ್ಕೂವರೆಯಿಂದ 63ನ್ನು ಭಾಗಿಸಿದರೆ 14. ನಿಜವಾದ ಸೊನ್ನೆಯೆಂದು ತಿಳಿದರೆ ಈ ಲೆಕ್ಕಕ್ಕೆ ಅರ್ಥವೇ ಇಲ್ಲ. ಸೊನ್ನೆಯ ಜಾಗದಲ್ಲಿ ಅನಂತಾಂಶವೊಂದನ್ನು ಕೂರಿಸಿದರೆ ಪ್ರತಿಯೊಂದು ಹೆಜ್ಜೆಯೂ ಶುದ್ಧ. ಇಂತಹ ಗಣಿತ ಗ್ರಹಗಣನೆಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆಂದು ಭಾಸ್ಕರನೇ ಹೇಳಿರುವುದರಿಂದ, ಇದು ಬರಿಯ ಚಮತ್ಕಾರವಾಗಿರಲಿಲ್ಲವೆಂಬುದು ಸ್ಪಷ್ಟ.

ಗ್ರಹಗಣನೆಯಲ್ಲಿ ಅದರ ಅಗತ್ಯ ಬಿದ್ದುದು ಚಂದ್ರನ ದೆಸೆಯಿಂದ. ಚಂದ್ರನು ದಿನಕ್ಕೆ ಸರಾಸರಿ 13 ಅಂಶಗಳಷ್ಟು ಚಲಿಸುತ್ತಾನಾದರೂ ಆ ವೇಗ ಒಂದು ದಿನದೊಳಗೇ ಬದಲಾಗುತ್ತಿರುತ್ತದೆ. ತಿಥಿ ಮುಗಿಯುವ ಗಳಿಗೆಯನ್ನು ಕರಾರುವಾಕ್ಕಾಗಿ ತಿಳಿಯಬೇಕಾದವನಿಗೆ ಇಡೀ ದಿನದ ಸರಾಸರಿಯನ್ನು ಕಟ್ಟಿಕೊಂಡು ಆಗುವುದೇನು? 1150ರಲ್ಲಿ ಮುಗಿಸಿದ ಸಿದ್ಧಾಂತಶಿರೋಮಣಿಯಲ್ಲಿ ಭಾಸ್ಕರನು ದಿನಗತಿಯನ್ನು ಸ್ಥೂಲವೆಂದೂ, ಆಯಾ ಕ್ಷಣದ ಗತಿಯನ್ನು ತಾತ್ಕಾಲಿಕವೆಂದೂ ವಿಂಗಡಿಸಿ, ಎರಡನೆಯದನ್ನು ಕಂಡುಹಿಡಿಯುವುದಕ್ಕೆ ಕೋನದ ಜ್ಯಾ ಬದಲಾಗುವ ದರವು ಆ ಕೋನದ ಕೋಟಿಜ್ಯೆಗೆ ಅನುಗುಣವಾಗಿರುತ್ತದೆಂಬ ಸೂತ್ರವನ್ನು ಬಳಸಿದನು. ಇಂದಿನ ಕಾಲೇಜಿನ ಹುಡುಗನು ಸೈನ್ ಎಂಬುದರ ನಿಷ್ಪನ್ನ ಕೊಸೈನ್ ಎಂದು ಬಾಯಿಪಾಠ ಮಾಡುವುದು ಇದನ್ನೇ.

ಕ್ಷಣದ ವೇಗವೆಂಬುದರ ತೊಡಕನ್ನು ನಮ್ಮ ರೈಲಿನಲ್ಲಿಯೇ ನೋಡಬಹುದು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರು. ಅರ್ಧ ಗಂಟೆಯಲ್ಲಿ ತಲಪಿದರೆ ಗಂಟೆಗೆ 40ರ ವೇಗವೆನ್ನುತ್ತೇವೆ. ಆದರೆ ಉಣಕಲ್ಲಿನಲ್ಲಿ, ಅಮರಗೋಳದಲ್ಲಿ, ನವಲೂರಿನಲ್ಲಿ ಅದು ನಿಂತು ಹೊರಟಿರುತ್ತದೆ. ಹೊರಟ ಗಾಡಿಯು ಮೊದಲ ಕೆಲವು ಸೆಕೆಂಡುಗಳಲ್ಲಿ, ಕಳೆದ ಸೆಕೆಂಡುಗಳ ವರ್ಗದ ಹತ್ತನೆಯ ಒಂದು ಪಾಲಿನಷ್ಟು ಮೀಟರು ಸಾಗುತ್ತದೆಂದು ಇಟ್ಟುಕೊಳ್ಳೋಣ. ಸರಿಯಾಗಿ ಹತ್ತನೆಯ ಸೆಕೆಂಡಿನಲ್ಲಿ ಅದರ ವೇಗವೆಷ್ಟು? ಹತ್ತು ಸೆಕೆಂಡಿಗೆ 10 ಮೀಟರು, ಹನ್ನೊಂದಕ್ಕೆ 12.1; ಆ ಒಂದು ಸೆಕೆಂಡಿನ ಸರಾಸರಿ ವೇಗ 2.1. ಸೆಕೆಂಡಿನ ಹತ್ತನೆಯ ಪಾಲನ್ನು ತೆಗೆದುಕೊಂಡರೆ 2.01, ನೂರನೆಯ ಪಾಲಿಗೆ 2.001. ಅವಧಿಯನ್ನು ಅ ಎಂದು ಕರೆದು ಬೀಜಗಣಿತದಿಂದ ನಡೆಸಿದರೆ, ಸಾಗಿದ ದೂರ 2ಅ ಮತ್ತು ಅದರೊಡನೆ ಅ ವರ್ಗದ ಹತ್ತನೆಯ ಪಾಲು. ಅದನ್ನು ಅ ಯಿಂದ ಭಾಗಿಸಿದರೆ ಎರಡು ಮತ್ತು ಅ ದ ಹತ್ತನೆಯ ಪಾಲು. ಈಗ ಅ ಅನಂತಾಂಶವೆಂದು ಹೇಳಿ ಬಾಲವನ್ನು ಕತ್ತರಿಸಿಬಿಟ್ಟರೆ ಉಳಿಯುವುದು 2. ನ್ಯೂಟನ್ನನು ಮಾಡಿದ್ದೂ, 1684ರ ತನ್ನ ಪ್ರಬಂಧದಿಂದ ಆರಂಭಿಸಿ ಲೈಬ್ನಿಟ್ಸನು ಯುರೋಪಿಗೆಲ್ಲ ಕಲಿಸಿದ್ದೂ ಇದೇ ಕಸುಬು. ಕೇರಳದ ಜ್ಯೇಷ್ಠದೇವನು ಹದಿನಾರನೆಯ ಶತಮಾನದಲ್ಲಿ ಮಲಯಾಳದಲ್ಲಿ ಬರೆದ ಯುಕ್ತಿಭಾಷೆಯಲ್ಲಿಯೂ, ಪರಿಧಿಯನ್ನು ಅಳೆಯುವಾಗ ತುಂಡುಗಳನ್ನು ಅಣುವಿನಷ್ಟಾಗಿಸುವ ಇದರ ಸೋದರ ವಿದ್ಯೆ ಕಾಣುತ್ತದೆ.

ಉತ್ತರ ಸರಿ ಬರುತ್ತಿತ್ತು, ನ್ಯಾಯ ಸರಿಯಿರಲಿಲ್ಲ. ಐರ್ಲೆಂಡಿನ ಪಾದ್ರಿ ಜಾರ್ಜ್ ಬರ್ಕ್ಲಿ 1734ರಲ್ಲಿ ಗಣಿತಜ್ಞರ ಮೇಲೆ ಒಂದು ಪುಸ್ತಿಕೆಯನ್ನೇ ಎಸೆದನು. ಭಾಗಿಸುವಾಗ ಅ ಸೊನ್ನೆಯಲ್ಲವೆನ್ನುವಿರಿ, ಬಿಟ್ಟುಬಿಡುವಾಗ ಸೊನ್ನೆಯೆನ್ನುವಿರಿ. ಇಂತಹ ಇಬ್ಬಂದಿಯನ್ನು ನಂಬಬಲ್ಲವರು ದೇವರ ವಿಷಯದಲ್ಲಿ ಮಾತ್ರ ಸಾಕ್ಷ್ಯ ಕೇಳುವುದೇಕೆ ಎಂಬುದು ಆತನ ಕಟಕಿಯ ಸಾರ. ಆತನ ಉದ್ದೇಶ ಮತರಕ್ಷಣೆಯಾಗಿದ್ದರೂ ಆಕ್ಷೇಪಣೆ ಮಾತ್ರ ಅಪ್ಪಟವಾದುದು. ಅದಕ್ಕೆ ನೂರು ವರ್ಷ ಮೊದಲು, 1632ರಲ್ಲಿ, ರೋಮಿನ ಜೆಸೂಯಿಟ್ ಸಂಘವು ರೇಖೆಯು ಅವಿಭಾಜ್ಯ ಬಿಂದುಗಳಿಂದಾಗಿದೆಯೆಂಬ ಬೋಧನೆಯನ್ನು ತನ್ನ ಶಾಲೆಗಳಲ್ಲಿ ನಿಷೇಧಿಸಿತ್ತು. ಆ ನಿಷೇಧದಲ್ಲಿ ಇಂತಹ ತರ್ಕದ ಹರಿತವಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಕೋಷಿಯೂ ವೈಯರ್‌ಸ್ಟ್ರಾಸನೂ ಮನೆಯನ್ನು ಗುಡಿಸಿ ಸಾರಿಸಿದರು. ಅವರ ಪರಿಹಾರ ಸರಳ: 2.1, 2.01, 2.001 ಎಂಬ ಸಾಲು 2ನ್ನು ಬೇಕಾದಷ್ಟು ಸಮೀಪಿಸುತ್ತದೆ. ಆ ಎರಡನ್ನು ಸಾಲಿನ ಮಿತಿಯೆಂದು ಕರೆಯಿರಿ. ಅ ಎಂಬುದು ಪ್ರತಿಯೊಂದು ಹೆಜ್ಜೆಯಲ್ಲಿಯೂ ಸಾಮಾನ್ಯವಾದ ಒಂದು ಸಂಖ್ಯೆಯೇ ಆಗಿದ್ದು, ಅನಂತಾಂಶವೆಂಬ ವಸ್ತುವಿನ ಗೊಡವೆಯೇ ಬೇಡ. ಗಣಿತಶಾಲೆಗಳಿಂದ ಅನಂತಾಂಶಕ್ಕೆ ಹೀಗೆ ಗಡೀಪಾರಾಯಿತು. ಎಂಜಿನಿಯರರೂ ಭೌತವಿಜ್ಞಾನಿಗಳೂ ಮಾತ್ರ ಈ ತೀರ್ಪನ್ನು ಗೌರವದಿಂದ ಕೇಳಿಸಿಕೊಂಡು, ತಮ್ಮ ಕೆಲಸದ ಕೋಣೆಗಳಲ್ಲಿ ಹಳೆಯ ಬಳಕೆಯನ್ನೇ ಮುಂದುವರಿಸಿದರು. ಧಾರವಾಡದ ಕರ್ನಾಟಕ ಕಾಲೇಜು ಸ್ಥಾಪನೆಯಾದದ್ದು 1917ರಲ್ಲಿ. ಆ ಹೊತ್ತಿಗೆ ಮಿತಿಯೇ ಎಲ್ಲೆಡೆಯ ಶಾಸ್ತ್ರೀಯ ಪಾಠವಾಗಿತ್ತು.

ಗಡೀಪಾರಾದವನನ್ನು ಮರಳಿ ಕರೆತಂದವನು ಅಬ್ರಹಾಂ ರಾಬಿನ್‌ಸನ್. ಜರ್ಮನಿಯಲ್ಲಿ ಹುಟ್ಟಿ, 1933ರಲ್ಲಿ ಪ್ಯಾಲೆಸ್ಟೈನಿಗೆ ತೆರಳಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಮಾನದ ರೆಕ್ಕೆಗಳ ಗಣಿತವನ್ನು ನಡೆಸಿದ ಈತನು ಮೂಲತಃ ತರ್ಕಶಾಸ್ತ್ರಜ್ಞ. 1960ರ ಸುಮಾರಿಗೆ ಈತನಿಗೆ ಹೊಳೆದುದು ಇಷ್ಟು. ಒಂದು ಸಂಖ್ಯೆಯ ಮೇಲೆ ಷರತ್ತುಗಳನ್ನು ಹೇರುತ್ತ ಹೋಗೋಣ: ಅದು ಸೊನ್ನೆಗಿಂತ ದೊಡ್ಡದಿರಬೇಕು, ಒಂದಕ್ಕಿಂತ ಚಿಕ್ಕದಿರಬೇಕು, ಅರ್ಧಕ್ಕಿಂತ, ಮೂರನೆಯ ಪಾಲಿಗಿಂತ, ನಾಲ್ಕನೆಯ ಪಾಲಿಗಿಂತ, ಹೀಗೆ ಕೊನೆಯಿಲ್ಲದೆ. ಈ ಷರತ್ತುಗಳಲ್ಲಿ ಎಣಿಕೆಗೆ ಸಿಕ್ಕುವ ಕೆಲವನ್ನು ಮಾತ್ರ ಆಯ್ದರೆ, ಅವೆಷ್ಟೇ ಆಗಿರಲಿ, ಅವನ್ನೆಲ್ಲ ಸಲ್ಲಿಸುವ ಸಾಮಾನ್ಯ ಸಂಖ್ಯೆ ಸಿಕ್ಕಿಯೇ ಸಿಗುತ್ತದೆ. ಮೊದಲ ಸಾವಿರ ಷರತ್ತುಗಳಿಗೆ ಲಕ್ಷದ ಒಂದು ಪಾಲು ಸಾಕು. ಷರತ್ತುಗಳ ಪ್ರತಿಯೊಂದು ಸಾಂತ ಗುಂಪನ್ನೂ ಹೀಗೆ ಸಲ್ಲಿಸಬಹುದಾದರೆ, ಎಲ್ಲವನ್ನೂ ಏಕಕಾಲಕ್ಕೆ ಸಲ್ಲಿಸುವ ಒಂದು ವಿಸ್ತೃತ ಸಂಖ್ಯಾಲೋಕವು ವಿರೋಧವಿಲ್ಲದೆ ಇರಬಲ್ಲದೆಂದು ಇಪ್ಪತ್ತನೆಯ ಶತಮಾನದ ತರ್ಕಶಾಸ್ತ್ರವು ಆಗಲೇ ಸಾಧಿಸಿತ್ತು. ಆ ಲೋಕದಲ್ಲಿ ಎಲ್ಲ ಷರತ್ತುಗಳಿಗೂ ಒಳಪಟ್ಟ ಸಂಖ್ಯೆಯೇ ಅನಂತಾಂಶ. ಅಲ್ಲಿ ಕೂಡಿಸುವ, ಗುಣಿಸುವ, ಭಾಗಿಸುವ ನಿಯಮಗಳೆಲ್ಲ ನಮ್ಮವೇ.

ಬರ್ಕ್ಲಿಯ ಆಕ್ಷೇಪಣೆಗೂ ರಾಬಿನ್‌ಸನ್ನನಲ್ಲಿ ಉತ್ತರವಿದೆ. ಅ ಎಂದಿಗೂ ಸೊನ್ನೆಯಲ್ಲ. ಆದುದರಿಂದ ಭಾಗಿಸುವುದಕ್ಕೆ ಅಡ್ಡಿಯಿಲ್ಲ. ಭಾಗಿಸಿ ಬಂದ ಎರಡು ಮತ್ತು ಅ ದ ಹತ್ತನೆಯ ಪಾಲು ಎಂಬುದು 2ಕ್ಕೆ ಸಮವೆಂದು ಯಾರೂ ಹೇಳುತ್ತಿಲ್ಲ. ವಿಸ್ತೃತ ಲೋಕದ ಪ್ರತಿಯೊಂದು ಸಾಂತ ಸಂಖ್ಯೆಗೂ ಅನಂತಾಂಶದಷ್ಟೇ ಅಂತರದಲ್ಲಿ ನಮ್ಮ ಲೋಕದ ಸಂಖ್ಯೆಯೊಂದು, ಒಂದೇ ಒಂದು, ಇರುತ್ತದೆ. ಅದನ್ನು ಆರಿಸಿಕೊಳ್ಳುವುದಷ್ಟೆ ಕೊನೆಯ ಹೆಜ್ಜೆ. ಬಾಲವನ್ನು ಕತ್ತರಿಸಲಿಲ್ಲ, ನೆರೆಯವನನ್ನು ಹೆಸರಿಸಿದೆವು. 1966ರಲ್ಲಿ ರಾಬಿನ್‌ಸನ್ನನ ಗ್ರಂಥ ಹೊರಬಿದ್ದ ಹತ್ತು ವರ್ಷಗಳಿಗೆ ಅಮೆರಿಕದ ಕೈಸ್ಲರನು ಈ ಕ್ರಮದಲ್ಲಿಯೇ ಕಾಲೇಜು ಮಕ್ಕಳಿಗೊಂದು ಕಲನಶಾಸ್ತ್ರದ ಪಠ್ಯವನ್ನು ಬರೆದನು. ಅದನ್ನು ಅನುಸರಿಸಿದ ಕಾಲೇಜುಗಳು ವಿರಳ. ನಮ್ಮ ಕಡೆಯ ತರಗತಿಗಳಲ್ಲಿ ಈಗಲೂ ಕಲಿಸುವುದು ಮಿತಿಯ ಹಾದಿಯನ್ನೇ, ಬರೆಯಿಸುವುದು ಲೈಬ್ನಿಟ್ಸನು ಅನಂತಾಂಶಗಳಿಗಾಗಿ ಕಟ್ಟಿದ ಡಿಎಕ್ಸ್ ಚಿಹ್ನೆಯನ್ನೇ.